ಕೈ ಎತ್ತದವರ ಕ್ಲಾಸು

"ಅಯ್ಯೋ, ಕಮ್ಯುನಿಟಿ ಕಾಲೇಜಾ? ಯಾಕ್ರೀ, ಬೇರೆ ಎಲ್ಲೂ ಸಿಗ್ಲಿಲ್ವಾ?" ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಈ ಮಾತು ಕೇಳಿಬರುತ್ತದೆ. ಯಾರ ಮಗನೋ ಮಗಳೋ ಆ ವರ್ಷ ಹೈಸ್ಕೂಲು ಮುಗಿಸಿರುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಸಿಇಟಿ ರ‍್ಯಾಂಕು, ಕಟ್‌ಆಫ್, ಪೇಮೆಂಟ್ ಸೀಟು ಅಂತ ಕೇಳುತ್ತಲೇ ಬೆಳೆದವರು ನಾವು. ಸೀಟು ಸಿಗುವುದು ಎಷ್ಟು ಕಷ್ಟವೋ ಕಾಲೇಜು ಅಷ್ಟು ಒಳ್ಳೆಯದು ಅನ್ನುವ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ನಾನು ಪಾಠ ಮಾಡುವುದು ಇಂಥ ಕಮ್ಯುನಿಟಿ ಕಾಲೇಜುಗಳಲ್ಲೇ, ಅಂದರೆ ಬಂದ ಎಲ್ಲರಿಗೂ ಸೀಟು ಕೊಡುವ ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ. ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ನನ್ನ ವಿಷಯ. ಮಾರ್ಕ್ಸ್ ಕಾರ್ಡ್ ನೋಡಿ ಇಲ್ಲಿ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಚೆನ್ನಾಗಿ ಓದುವವರನ್ನೇ ಆರಿಸಿಕೊಂಡು ಒಳ್ಳೆ ರಿಸಲ್ಟ್ ತೋರಿಸುವುದು ಒಂದು ಕೆಲಸ. ಬಂದವರನ್ನೆಲ್ಲ ಒಳಗೆ ಕರೆದು, ಅವರನ್ನು ದಡ ಮುಟ್ಟಿಸುವುದು ಬೇರೆಯೇ ಕೆಲಸ. ಈ ಎರಡನೇ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಸೋಲುತ್ತದೆ, ಯಾವುದರಿಂದ ಗೆಲ್ಲುತ್ತದೆ ಅನ್ನುವುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಈ ಕಾಲೇಜುಗಳ ಇತಿಹಾಸ ನೂರು ವರ್ಷಕ್ಕೂ ಹಳೆಯದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನ ಒಂದು ಹೈಸ್ಕೂಲಿನ ಒಳಗೇ, 6 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಮೊದಲನೆಯದು ಶುರುವಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನಿಕರು ಓದಲು ವಾಪಸ್ ಬಂದರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಊರೂರಿಗೂ ಇಂಥ ಕಾಲೇಜು ಬೇಕು ಎಂದಿತು. 1960ರ ದಶಕದಲ್ಲಂತೂ ದೇಶದಲ್ಲಿ ಹೆಚ್ಚು ಕಡಿಮೆ ವಾರಕ್ಕೊಂದರಂತೆ ಇವು ತೆರೆದವು. ಕ್ಯಾಲಿಫೋರ್ನಿಯಾ 1960ರಲ್ಲಿ ಒಂದು ಮಾಸ್ಟರ್ ಪ್ಲಾನ್ ಮಾಡಿತು. ಹೈಸ್ಕೂಲಿನಲ್ಲಿ ಮೇಲಿರುವ ಎಂಟನೇ ಒಂದು ಭಾಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಮೂರನೇ ಒಂದು ಭಾಗದೊಳಗೆ ಬರುವವರು ಸ್ಟೇಟ್ ಕಾಲೇಜುಗಳಿಗೆ, ಉಳಿದ ಯಾರೇ ಆದರೂ ಇಲ್ಲಿಗೆ. ಇಲ್ಲಿ ಎರಡು ವರ್ಷ ಓದಿ ಅಲ್ಲಿಗೆ ಟ್ರಾನ್ಸ್‌ಫರ್ ಆಗಬಹುದು. ಕೊನೆಗೆ ಕೈಗೆ ಬರುವುದು ಆ ಯೂನಿವರ್ಸಿಟಿಯದೇ ಡಿಗ್ರಿ. ಈಗ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಸೆಮಿಸ್ಟರ್ ಪದ್ಧತಿಯ ಕಡೆ ಇಲ್ಲಿನ ನಿವಾಸಿಗಳಿಗೆ ಫೀಸು ಯೂನಿಟ್ಟಿಗೆ 46 ಡಾಲರ್. 3 ಯೂನಿಟ್ಟಿನ ಕೋರ್ಸಿಗೆ 138 ಡಾಲರ್.

ಕನ್ನಡದವರಿಗೂ ಈ ಕಾಲೇಜುಗಳು ದೂರದವೇನಲ್ಲ. ಕೂಪರ್ಟಿನೋದ ಡಿ ಅಂಜಾ, ಫ್ರೀಮಾಂಟ್‌ನ ಓಲೋನಿ, ಸ್ಯಾಂಟಾ ಕ್ಲಾರಾದ ಮಿಷನ್ ಕಾಲೇಜುಗಳ ಸುತ್ತಮುತ್ತಲೇ ನಮ್ಮವರ ಮನೆಗಳಿವೆ. ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಬೇಸಿಗೆಯಲ್ಲಿ ಬಂದು ಒಂದೆರಡು ಕೋರ್ಸು ಮಾಡಿಕೊಂಡು ಹೋಗುತ್ತಾರೆ. ಗಂಡನ ಕೆಲಸಕ್ಕಾಗಿ ಎಚ್-4 ವೀಸಾದಲ್ಲಿ ಬಂದ ಹೆಣ್ಣುಮಕ್ಕಳು ಅಕೌಂಟಿಂಗ್, ಮಕ್ಕಳ ಶಿಕ್ಷಣ, ಪ್ರೋಗ್ರಾಮಿಂಗ್ ಅಂತ ಇಲ್ಲಿಂದ ಹೊಸದಾಗಿ ಶುರುಮಾಡುತ್ತಾರೆ. ಊರಲ್ಲಿ ಎಂ.ಕಾಂ. ಮಾಡಿದವರು ಇಲ್ಲಿ ಹದಿನೆಂಟರ ಹುಡುಗರ ಪಕ್ಕ ಕೂತು ನೋಟ್ಸ್ ಬರೆಯುವುದನ್ನು ನೋಡಿದ್ದೇನೆ. ಅವರ ಮೇಲೆ ನನಗೆ ತುಂಬಾ ಗೌರವವಿದೆ.

ಆದರೆ ನನ್ನ ಸಂಜೆ ಕ್ಲಾಸಿನಲ್ಲಿ ಹೆಚ್ಚಾಗಿ ಇರುವವರು ಬೇರೆ ಜನ. ಗೋದಾಮಿನ ಕೆಲಸ ಮುಗಿಸಿ ಹಳದಿ ಜಾಕೆಟ್ಟಿನಲ್ಲೇ ನೇರ ಬಂದ ಹುಡುಗ. ನರ್ಸಿಂಗ್ ಸೇರಬೇಕೆಂದು ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡ ಎರಡು ಮಕ್ಕಳ ತಾಯಿ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ, ಅವಳ ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದು ಹೊಲದಲ್ಲಿ ದುಡಿದವರು. ದೇಶದಲ್ಲಿ ಕಮ್ಯುನಿಟಿ ಕಾಲೇಜಿನವರು ಸುಮಾರು ಮೂರರಲ್ಲಿ ಇಬ್ಬರು ಪಾರ್ಟ್‌ಟೈಮ್ ಓದುವವರು. ಅವರಿಗೆ ಓದು ದಿನದ ಮೂರನೇ ಕೆಲಸ, ಕೆಲವರಿಗೆ ನಾಲ್ಕನೆಯದು.

ಇವರ ಆಸೆ ಸಣ್ಣದೇನಲ್ಲ. ಸೇರುವಾಗ ಕೇಳಿದರೆ ಸುಮಾರು 80% ಜನ ನಾಲ್ಕು ವರ್ಷದ ಡಿಗ್ರಿ ಬೇಕು ಅನ್ನುತ್ತಾರೆ. ಆರು ವರ್ಷದೊಳಗೆ ಅದನ್ನು ಪಡೆಯುವವರು ಸುಮಾರು 16% ಮಾತ್ರ. ಈ ಎರಡು ಅಂಕಿಗಳ ನಡುವೆ ಕಳೆದುಹೋಗುವವರು ಯಾರು, ಯಾಕೆ ಅನ್ನುವುದೇ ನನ್ನ ವೃತ್ತಿಯ ದೊಡ್ಡ ಪ್ರಶ್ನೆ.

ಇದಕ್ಕೆ ಹಳೆಯ ಉತ್ತರವೊಂದಿದೆ. 1960ರಲ್ಲಿ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಇಲ್ಲೇ ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು (ಆಗ ಈ ಕಾಲೇಜುಗಳಿಗೆ ಅದೇ ಹೆಸರು) ನೋಡಿ ಒಂದು ಕಟುವಾದ ಮಾತು ಬರೆದರು. ಈ ಕಾಲೇಜುಗಳು ವಿದ್ಯಾರ್ಥಿಗಳ ಆಸೆಯನ್ನು ಮೆಲ್ಲಗೆ ತಣ್ಣಗಾಗಿಸುತ್ತವೆ ಅಂತ. ಬಾಗಿಲಲ್ಲಿ ಯಾರೂ "ಸೀಟು ಇಲ್ಲ" ಅನ್ನುವುದಿಲ್ಲ. ಒಳಗೆ ಬಂದ ಮೇಲೆ ಒಂದು ಪರೀಕ್ಷೆ, ಒಬ್ಬ ಕೌನ್ಸೆಲರ್, ಒಂದು ಕೆಳಗಿನ ಕ್ಲಾಸು, ಹೀಗೆ ಒಂದೊಂದೇ ಮೆಟ್ಟಿಲಲ್ಲಿ "ನಿನಗೆ ಇದು ಆಗಲಿಕ್ಕಿಲ್ಲ" ಅನ್ನುವುದು ಅವರಿಗೇ ಅನ್ನಿಸುವ ಹಾಗೆ ಆಗುತ್ತದೆ. ಸೋತದ್ದು ತನ್ನಿಂದಲೇ ಎಂದುಕೊಂಡು ವಿದ್ಯಾರ್ಥಿ ಸದ್ದಿಲ್ಲದೆ ಮನೆಗೆ ಹೋಗುತ್ತಾನೆ. ಅರವತ್ತು ವರ್ಷ ಕಳೆದರೂ ಈ ವಿವರಣೆ ಹಳೆಯದಾಗಿಲ್ಲ.

ಗಣಿತದಲ್ಲಿ ಆ ಮೆಟ್ಟಿಲುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಿಂದೆ ಕಾಲೇಜಿಗೆ ಬಂದವರನ್ನೆಲ್ಲ ಒಂದು ಕಂಪ್ಯೂಟರಿನ ಮುಂದೆ ಕೂರಿಸಿ ಪ್ಲೇಸ್‌ಮೆಂಟ್ ಟೆಸ್ಟ್ ಕೊಡುತ್ತಿದ್ದರು. ಹತ್ತು ವರ್ಷದಿಂದ ಭಿನ್ನರಾಶಿ ಮುಟ್ಟದ ತಾಯಿಯೂ ಅದನ್ನೇ ಬರೆಯಬೇಕು, ತಯಾರಿ ಇಲ್ಲದೆ. ಅಂಕ ಕಡಿಮೆ ಬಂದರೆ ಕಾಲೇಜು ಮಟ್ಟದ ಗಣಿತಕ್ಕಿಂತ ಒಂದು, ಎರಡು, ಮೂರು ಹಂತ ಕೆಳಗಿನ ಕ್ಲಾಸು. ಅಂಕಗಣಿತ, ಆಮೇಲೆ ಆರಂಭದ ಬೀಜಗಣಿತ, ಆಮೇಲೆ ಇನ್ನೊಂದು ಬೀಜಗಣಿತ. ಇವಕ್ಕೆ ಫೀಸು ಉಂಟು, ಸಮಯ ಉಂಟು, ಡಿಗ್ರಿಗೆ ಮಾತ್ರ ಲೆಕ್ಕಕ್ಕಿಲ್ಲ.

ಇಲ್ಲೊಂದು ಸರಳ ಗುಣಾಕಾರ ಮಾಡೋಣ. ಮೂರು ಹಂತ ಕೆಳಗೆ 100 ಜನ ಶುರುಮಾಡುತ್ತಾರೆ ಅಂದುಕೊಳ್ಳಿ. ಪ್ರತಿ ಕ್ಲಾಸಿನಲ್ಲೂ 70% ಪಾಸಾಗುತ್ತಾರೆ, ಪಾಸಾದವರಲ್ಲಿ 80% ಮುಂದಿನ ಸೆಮಿಸ್ಟರಿಗೆ ಸೇರುತ್ತಾರೆ. ಎರಡೂ ಕೆಟ್ಟ ಅಂಕಿಗಳೇನಲ್ಲ. ಆದರೂ 100 ಜನರಲ್ಲಿ 70 ಪಾಸು, 56 ಮುಂದಕ್ಕೆ. ಆಮೇಲೆ 39 ಪಾಸು, 31 ಮುಂದಕ್ಕೆ. ಆಮೇಲೆ 22, ಆಮೇಲೆ 18ಕ್ಕಿಂತ ಸ್ವಲ್ಪ ಕಡಿಮೆ. ಕಾಲೇಜು ಮಟ್ಟದ ಆ ಒಂದು ಗಣಿತ ಪಾಸಾಗುವ ಹೊತ್ತಿಗೆ ಉಳಿದವರು 12. ಯಾವ ಮೇಷ್ಟ್ರೂ ಕೆಟ್ಟದಾಗಿ ಪಾಠ ಮಾಡಿಲ್ಲ. ಯಾವ ವಿದ್ಯಾರ್ಥಿಯೂ ಸೋಮಾರಿಯಾಗಿರಬೇಕಿಲ್ಲ. ದಾರಿ ಉದ್ದವಾಗಿದ್ದೇ ಸಾಕು, 88 ಜನ ಹೋದರು. ಹೇವರ್ಡ್‌ನ ಶಾಬೋ ಕಾಲೇಜಿನ ಅಧ್ಯಾಪಕಿ ಕೇಟಿ ಹರ್ನ್ ಮತ್ತು ಅವರ ಜೊತೆಗಾರರು ಈ ಗುಣಾಕಾರವನ್ನು ರಾಜ್ಯದ ತುಂಬಾ ತಿರುಗಿ ತೋರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಕಮ್ಯುನಿಟಿ ಕಾಲೇಜ್ ರಿಸರ್ಚ್ ಸೆಂಟರ್ ಇನ್ನೊಂದು ವಿಷಯ ತೋರಿಸಿತು. ಪ್ಲೇಸ್‌ಮೆಂಟ್ ಟೆಸ್ಟಿನ ಅಂಕಕ್ಕಿಂತ ಹೈಸ್ಕೂಲಿನ ಗ್ರೇಡುಗಳೇ ವಿದ್ಯಾರ್ಥಿಯ ಬಗ್ಗೆ ಹೆಚ್ಚು ಸರಿಯಾಗಿ ಹೇಳುತ್ತವೆ. ಕೆಳಗಿನ ಕ್ಲಾಸಿಗೆ ತಳ್ಳಿಸಿಕೊಂಡ ಎಷ್ಟೋ ಜನ ನೇರವಾಗಿ ಮೇಲಿನ ಕ್ಲಾಸಿನಲ್ಲೇ ಪಾಸಾಗಬಲ್ಲವರಾಗಿದ್ದರು.

ಪರಿಹಾರ ಬಂದದ್ದು ಇಂಗ್ಲಿಷ್ ಮೇಷ್ಟ್ರುಗಳಿಂದ. 2007ರಲ್ಲಿ ಬಾಲ್ಟಿಮೋರ್ ಕೌಂಟಿಯ ಕಮ್ಯುನಿಟಿ ಕಾಲೇಜಿನಲ್ಲಿ ಪೀಟರ್ ಆಡಮ್ಸ್ ಎಂಬ ಅಧ್ಯಾಪಕರು ಒಂದು ಪ್ರಯೋಗ ಶುರುಮಾಡಿದರು. ಬರವಣಿಗೆಯಲ್ಲಿ ಹಿಂದಿದ್ದವರನ್ನು ಕೆಳಗಿನ ಕ್ಲಾಸಿಗೆ ಕಳಿಸಲಿಲ್ಲ. ಎಲ್ಲರ ಜೊತೆ ಮಾಮೂಲಿ ಕ್ಲಾಸಿನಲ್ಲೇ ಕೂರಿಸಿ, ಅದು ಮುಗಿದ ತಕ್ಷಣ ಅವರಿಗೆ ಮಾತ್ರ ಅದೇ ಮೇಷ್ಟ್ರು ಇನ್ನೊಂದು ಗಂಟೆ ಪಾಠ ಮಾಡುವ ಹಾಗೆ ಮಾಡಿದರು. ಇದನ್ನೇ ಈಗ ಕೋರಿಕ್ವಿಸಿಟ್ ಅನ್ನುತ್ತಾರೆ. ಟೆನೆಸಿ ರಾಜ್ಯ 2015ರಲ್ಲಿ ತನ್ನ ಎಲ್ಲ ಕಾಲೇಜುಗಳಲ್ಲೂ ಇದನ್ನು ತಂದಿತು. ಅದಕ್ಕೆ ಮೊದಲು ಹಿಂದುಳಿದವರು ಅಂತ ಗುರುತಾದವರಲ್ಲಿ ಒಂದು ವರ್ಷದೊಳಗೆ ಕಾಲೇಜು ಗಣಿತ ಮುಗಿಸುತ್ತಿದ್ದವರು ಸುಮಾರು 12%. ಆಮೇಲೆ ಹೆಚ್ಚು ಕಡಿಮೆ ಅರ್ಧದಷ್ಟು ಜನ ಮುಗಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ, ಸರಿಯಾದ ಕಾರಣವಿಲ್ಲದೆ ಯಾರನ್ನೂ ಕೆಳಗಿನ ಕ್ಲಾಸಿಗೆ ತಳ್ಳಬಾರದು ಅನ್ನುವ ಎಬಿ 705 ಕಾನೂನಿಗೆ ಸಹಿ ಬಿತ್ತು. 2015ರಲ್ಲಿ ಇಲ್ಲಿ ಮೊದಲ ಸಲ ಗಣಿತ ತೆಗೆದುಕೊಂಡವರಲ್ಲಿ ಐವರಲ್ಲಿ ಒಬ್ಬರು ಮಾತ್ರ ನೇರ ಟ್ರಾನ್ಸ್‌ಫರ್ ಮಟ್ಟದ, ಅಂದರೆ ಯೂನಿವರ್ಸಿಟಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ಲಾಸಿನಲ್ಲಿ ಕೂರುತ್ತಿದ್ದರು. 2019ರ ಹೊತ್ತಿಗೆ ನಾಲ್ವರಲ್ಲಿ ಮೂವರು.

ಈ ಹೆಚ್ಚುವರಿ ಗಂಟೆಯಲ್ಲಿ ನಿಜವಾಗಿ ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಸ್ಟ್ಯಾಟಿಸ್ಟಿಕ್ಸ್ ಕೋರ್ಸಿನಲ್ಲಿ ಪಿ-ವ್ಯಾಲ್ಯೂ ಅಂತ ಬರುತ್ತದೆ, ಬರೀ ಆಕಸ್ಮಿಕವಾದರೆ ಇಂಥ ಫಲ ಬರುವ ಸಾಧ್ಯತೆ ಎಷ್ಟು ಅಂತ ಹೇಳುವ ಸಂಖ್ಯೆ. ಅದನ್ನು 0.05 ಜೊತೆ ಹೋಲಿಸಿ, ಚಿಕ್ಕದಿದ್ದರೆ ಒಂದು ತೀರ್ಮಾನ, ದೊಡ್ಡದಿದ್ದರೆ ಇನ್ನೊಂದು. ಒಂದು ಸಂಜೆ ಒಬ್ಬ ವಿದ್ಯಾರ್ಥಿನಿಯ ಹಾಳೆ ನೋಡಿದೆ. ಲೆಕ್ಕವೆಲ್ಲ ಸರಿ, ಪಿ-ವ್ಯಾಲ್ಯೂ 0.012 ಅಂತ ಸರಿಯಾಗಿ ಬಂದಿದೆ. ತೀರ್ಮಾನ ಮಾತ್ರ ಉಲ್ಟಾ. ಯಾಕೆ ಅಂತ ಕೇಳಿದೆ. 12 ದೊಡ್ಡದು, 5 ಚಿಕ್ಕದು ಅಂದಳು. ಅವಳ ಹಿಂದೆ ಕೂತಿದ್ದ ಇಬ್ಬರು ತಲೆಯಾಡಿಸಿದರು, ಅವರೂ ಹಾಗೇ ಬರೆದಿದ್ದರು. ಬೋರ್ಡಿನ ಮೇಲೆ ಎರಡೂ ಸಂಖ್ಯೆಗಳನ್ನು ಡಾಲರ್ ಅಂತ ಬರೆದೆ. 0.05 ಡಾಲರ್ ಎಷ್ಟು? ಐದು ಸೆಂಟ್. 0.012 ಡಾಲರ್? ಒಂದು ಸೆಂಟ್ ಮತ್ತು ಸ್ವಲ್ಪ. ಒಂದು ಸೆಂಟ್ ಅನ್ನುತ್ತಿದ್ದ ಹಾಗೇ ಅವಳೇ ಪೆನ್ನು ತೆಗೆದು ಉತ್ತರ ತಿದ್ದಿದಳು. ಆಮೇಲೆ ಸೊನ್ನೆ ಸೇರಿಸಿ 0.050 ಮತ್ತು 0.012 ಅಂತ ಒಂದರ ಕೆಳಗೊಂದು ಬರೆದು ನೋಡುವುದನ್ನು ಕಲಿತರು. ಎಲ್ಲ ಸೇರಿ ಐದು ನಿಮಿಷ ಹಿಡಿದಿರಬಹುದು.

ಹಳೆಯ ಪದ್ಧತಿಯಲ್ಲಿ ಈ ಹುಡುಗಿ ದಶಮಾಂಶ ಗೊತ್ತಿಲ್ಲ ಅಂತ ಅಂಕಗಣಿತದ ಕ್ಲಾಸಿಗೆ ಹೋಗುತ್ತಿದ್ದಳು. ಒಂದು ಇಡೀ ಸೆಮಿಸ್ಟರ್ ಕೂತು ಯಾವುದಕ್ಕೆ ಅಂತ ಗೊತ್ತಾಗದೆ ದಶಮಾಂಶ ಕೂಡುತ್ತಿದ್ದಳು. ಈಗ ಅವಳಿಗೆ ಅದು ಬೇಕಾದ ಗಳಿಗೆಯಲ್ಲಿ, ಬೇಕಾದ ಜಾಗದಲ್ಲಿ, ಬೇಕಾದಷ್ಟೇ ಸಿಕ್ಕಿತು. ಒಂದು ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ಎದುರಿಗೆ ಇದ್ದಾಗ ದಶಮಾಂಶಕ್ಕೆ ಒಂದು ಅರ್ಥ ಬರುತ್ತದೆ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ವಿಷಯ. ಆ ಮೂವರಲ್ಲಿ ಒಬ್ಬರೂ ಕೈ ಎತ್ತಿರಲಿಲ್ಲ. ನಾನು ಬೆಂಚುಗಳ ನಡುವೆ ನಡೆದು ಹಾಳೆ ನೋಡದಿದ್ದರೆ ಪರೀಕ್ಷೆಯವರೆಗೂ ಅದು ಹಾಗೇ ಉಳಿಯುತ್ತಿತ್ತು.

ನಾನು ಹಾಸನದ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಸ್ವಲ್ಪ ಕಾಲ ಪಾಠ ಮಾಡಿದ್ದೇನೆ. ಅಲ್ಲೂ ಹೀಗೇ. "ಅರ್ಥ ಆಯ್ತಾ?" ಅಂದರೆ ಮೊದಲ ಬೆಂಚಿನವರು "ಆಯ್ತು ಮೇಡಂ" ಅನ್ನುತ್ತಾರೆ, ಹಿಂದಿನವರು ಸುಮ್ನೆ ತಲೆ ತಗ್ಗಿಸುತ್ತಾರೆ. ಅರ್ಥ ಆಗಿಲ್ಲ ಅನ್ನುವುದಕ್ಕೂ ಒಂದು ಧೈರ್ಯ ಬೇಕು. ಆ ಧೈರ್ಯ ಸಾಮಾನ್ಯವಾಗಿ ಇರುವುದು ಈಗಾಗಲೇ ಮುಕ್ಕಾಲು ಪಾಲು ಅರ್ಥವಾದವರಿಗೆ. ಏನೂ ತಿಳಿಯದವರಿಗೆ ಏನು ಕೇಳಬೇಕು ಅನ್ನುವುದೂ ತಿಳಿಯುವುದಿಲ್ಲ, ಅಲ್ವಾ?

ಅಮೆರಿಕದ ಕಾಲೇಜುಗಳು ಸಹಾಯದ ವಿಷಯದಲ್ಲಿ ಧಾರಾಳ. ಟ್ಯೂಟರಿಂಗ್ ಸೆಂಟರ್ ಇದೆ, ವಿದ್ಯಾರ್ಥಿಗಳು ಬಂದು ಕೇಳಲಿ ಅಂತ ಅಧ್ಯಾಪಕರು ಕೂರುವ ಆಫೀಸ್ ಅವರ್ಸ್ ಇದೆ, ಕೌನ್ಸೆಲಿಂಗ್ ಇದೆ, ಕೆಲವು ಕಡೆ ಉಚಿತ ದಿನಸಿ ಕೊಡುವ ಫುಡ್ ಪ್ಯಾಂಟ್ರಿಯೂ ಇದೆ. ಎಲ್ಲವೂ ಸಿಲಬಸ್ಸಿನ ಮೂರನೇ ಪುಟದಲ್ಲಿ ಅಚ್ಚಾಗಿರುತ್ತದೆ. ಬೇಕಾದವರು ಬರಬಹುದು. ಬರುವವರು ಯಾರು ಅಂತ ನೋಡಿದರೆ, ಎ ಗ್ರೇಡಿನ ಆಸುಪಾಸಿನಲ್ಲಿರುವವರು! ಬಿ ಪ್ಲಸ್ ಬಂತು ಅಂತ ಚಿಂತೆ ಮಾಡಿಕೊಂಡು ಬರುತ್ತಾರೆ. ಡಿ ಬಂದವರು ಕಣ್ಣು ತಪ್ಪಿಸಿ ಹೋಗುತ್ತಾರೆ. ಬೇಕಿದ್ದರೆ ಬಾ ಅಂದರೆ ನಮ್ಮ ವಿದ್ಯಾರ್ಥಿಗಳು ಬರುವುದಿಲ್ಲ ಅನ್ನುವ ಮಾತು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಅವರಿಗೆ ಸೊಕ್ಕು ಅಂತಲ್ಲ. ಎರಡೂವರೆಗೆ ಆಫೀಸ್ ಅವರ್ಸ್ ಅಂದರೆ ಆಗ ಅವರು ಕೆಲಸದಲ್ಲಿರುತ್ತಾರೆ. ಇನ್ನು ಕೆಲವರಿಗೆ, ಸಹಾಯ ಕೇಳಿದರೆ ತಾವು ಇಲ್ಲಿಗೆ ಸೇರಿದವರಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ ಅನ್ನುವ ಅಂಜಿಕೆ.

ಅದಕ್ಕೇ ನನಗೆ ಖಾತ್ರಿಯಾಗಿರುವ ಒಂದೇ ವಿಷಯ ಇದು: ಕೇಳಿದವರಿಗೆ ಕೊಡುವ ಸಹಾಯದಿಂದ ಇಲ್ಲಿ ಫಲಿತಾಂಶ ಬದಲಾಗುವುದಿಲ್ಲ. ಕೇಳದವರ ಹತ್ತಿರಕ್ಕೆ ಸಹಾಯ ತಾನೇ ಹೋಗಬೇಕು, ಕ್ಲಾಸಿನ ಸಮಯದೊಳಗೇ ಹೋಗಬೇಕು. ಕೋರಿಕ್ವಿಸಿಟ್ ಕೆಲಸ ಮಾಡುವುದೂ ಈ ಕಾರಣಕ್ಕೇ. ಆ ಗಂಟೆ ಟೈಮ್‌ಟೇಬಲ್ಲಿನಲ್ಲಿದೆ. ಬರಲೇಬೇಕು. ಬಂದಿದ್ದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ.

ಟೆಕ್ಸಸ್‌ನ ಒಡೆಸ್ಸಾ ಕಾಲೇಜಿನ ಕಥೆ ನನಗೆ ಬಹಳ ಇಷ್ಟ. 2011ರ ಸುಮಾರಿಗೆ ಅಲ್ಲಿ ಕೋರ್ಸು ಅರ್ಧಕ್ಕೇ ಬಿಟ್ಟು ಹೋಗುವವರು ಜಾಸ್ತಿಯಾಗಿದ್ದರು. ಕಾಲೇಜಿನವರು ಒಬ್ಬೊಬ್ಬ ಅಧ್ಯಾಪಕರ ಲೆಕ್ಕ ತೆಗೆದು ನೋಡಿದರು. ಕೆಲವರ ಕ್ಲಾಸಿನಲ್ಲಿ ಹೆಚ್ಚು ಕಡಿಮೆ ಯಾರೂ ಬಿಟ್ಟು ಹೋಗುತ್ತಿರಲಿಲ್ಲ. ಅವರೆಲ್ಲ ಒಂದೇ ರೀತಿ ಪಾಠ ಮಾಡುವವರಾ ಅಂದರೆ ಅದೂ ಇಲ್ಲ. ಒಬ್ಬರು ಬರೀ ಲೆಕ್ಚರ್, ಇನ್ನೊಬ್ಬರು ಗುಂಪು ಚಟುವಟಿಕೆ. ಸಮಾನವಾಗಿದ್ದದ್ದು ವಿದ್ಯಾರ್ಥಿಗಳ ಜೊತೆಗಿನ ಅವರ ನಂಟು. ಅದನ್ನು ಕಾಲೇಜು ನಾಲ್ಕು ಕೆಲಸಗಳಾಗಿ ಇಳಿಸಿತು. ಮೊದಲ ವಾರದಲ್ಲೇ ಎಲ್ಲರ ಹೆಸರು ಕಲಿತು ಹೆಸರು ಹಿಡಿದು ಮಾತಾಡಿಸಿ. ಯಾರು ಹಿಂದೆ ಬೀಳುತ್ತಿದ್ದಾರೆ ಅಂತ ಗಮನಿಸಿ, ಕೂಡಲೇ ಮಾತಾಡಿ. ಪ್ರತಿಯೊಬ್ಬರನ್ನೂ ಒಂದು ಸಲವಾದರೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿ. ನಿಯಮ ಸ್ಪಷ್ಟವಾಗಿರಲಿ, ಆದರೆ ನಿಜವಾದ ಕಷ್ಟ ಬಂದಾಗ ಸಡಿಲಿಸಿ. ಇಷ್ಟೇ. ಕೋರ್ಸು ಬಿಡುವವರ ಸಂಖ್ಯೆ ಇಳಿಯಿತು.

ಇದನ್ನು ಓದಿ "ಇದರಲ್ಲೇನಿದೆ, ಎಲ್ಲ ಮೇಷ್ಟ್ರೂ ಮಾಡುವುದೇ" ಅನ್ನಿಸಬಹುದು. ಎಲ್ಲರೂ ಮಾಡುವುದಿಲ್ಲ. ಮಾಡುವವರೂ ಇಷ್ಟವಾದವರಿಗೆ, ಎದುರಿಗೆ ಬಂದವರಿಗೆ ಮಾಡುತ್ತೇವೆ. ಎಲ್ಲರಿಗೂ ಒಂದೇ ಥರ, ಪಟ್ಟಿ ಹಿಡಿದು ಮಾಡುವುದು ಬೇರೆ. ನಾನೀಗ ಮೊದಲ ಎರಡು ವಾರದೊಳಗೆ ಪ್ರತಿಯೊಬ್ಬರನ್ನೂ ಕ್ಲಾಸಿನ ಸಮಯದಲ್ಲೇ ಕರೆದು ಮಾತಾಡಿಸುತ್ತೇನೆ. ಉಳಿದವರು ಗುಂಪಿನಲ್ಲಿ ಲೆಕ್ಕ ಮಾಡುತ್ತಿರುವಾಗ ಒಬ್ಬೊಬ್ಬರೇ ನನ್ನ ಮೇಜಿನ ಹತ್ತಿರ ಬರುತ್ತಾರೆ. ಕೇಳುವುದು ಮೂರೇ ಪ್ರಶ್ನೆ. ವಾರಕ್ಕೆ ಎಷ್ಟು ಗಂಟೆ ಕೆಲಸ? ಕೊನೇ ಸಲ ಗಣಿತ ಓದಿದ್ದು ಯಾವಾಗ? ಈ ಕೋರ್ಸು ಮುಗಿದರೆ ಮುಂದೇನು? ಮೂರನೇ ಪ್ರಶ್ನೆಗೆ ಮುಖ ಅರಳುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಕಣ್ಣು ಕೆಳಗೆ ಹೋಗುತ್ತದೆ. ಮೊದಲನೆಯದರ ಉತ್ತರ ಕೇಳಿದರೆ ಹೋಮ್‌ವರ್ಕ್ ಯಾಕೆ ರಾತ್ರಿ ಎರಡು ಗಂಟೆಗೆ ಅಪ್‌ಲೋಡ್ ಆಗುತ್ತದೆ ಅನ್ನುವುದು ಗೊತ್ತಾಗುತ್ತದೆ.

ಎರಡು ಕ್ಲಾಸು ತಪ್ಪಿಸಿದರೆ ನಾನೇ ಮೆಸೇಜ್ ಹಾಕುತ್ತೇನೆ. ಎಚ್ಚರಿಕೆಯ ಭಾಷೆಯಲ್ಲಿ ಬರೆಯುವುದಿಲ್ಲ. ನಿನ್ನ ಜಾಗ ಹಾಗೇ ಇದೆ, ಇಂತಿಂಥ ಪಾಠ ಆಯಿತು, ಗುರುವಾರ ಬಾ ಅಂತ ಬರೆಯುತ್ತೇನೆ. ಬರುವ ಉತ್ತರಗಳಲ್ಲಿ ಒಂದು ವಾಕ್ಯ ಪದೇ ಪದೇ ಇರುತ್ತದೆ: ನನ್ನನ್ನು ಆಗಲೇ ತೆಗೆದುಹಾಕಿರುತ್ತೀರಿ ಅಂದುಕೊಂಡಿದ್ದೆ. ಕಾರು ಕೆಟ್ಟು ಒಂದು ವಾರ ಬರಲಾಗಲಿಲ್ಲ, ಅಷ್ಟಕ್ಕೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಕ್ಲಾರ್ಕ್ ಹೇಳಿದ ತಣ್ಣಗಾಗುವಿಕೆ ನಡೆಯುವುದು ಇಂಥ ವಾರಗಳಲ್ಲೇ.

ಪಾಠದ ಕ್ರಮದ ಬಗ್ಗೆ ಇನ್ನೊಂದು ಮಾತು. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞ ಒಂದು ವಿಷಯ ಗಮನಿಸಿದರು. ಕ್ಯಾಲ್ಕುಲಸ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚು ಫೇಲಾಗುತ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಅವರು ಎರಡೂ ಗುಂಪಿನವರು ಓದುವುದನ್ನು ಹತ್ತಿರದಿಂದ ನೋಡಿದರು. ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ಒಬ್ಬೊಬ್ಬರಾಗಿ ಮಾಡಿದ್ದನ್ನು ಸಂಜೆ ಒಟ್ಟಿಗೆ ಕೂತು ತಾಳೆ ನೋಡುತ್ತಿದ್ದರು. ಎಲ್ಲರಿಗೂ ತಪ್ಪಿದ ಲೆಕ್ಕ ಕಷ್ಟದ್ದು, ನನಗೊಬ್ಬನಿಗೇ ತಪ್ಪಿದ್ದು ನಾನು ಸರಿಯಾಗಿ ಓದದ್ದು ಅನ್ನುವುದು ಅವರಿಗೆ ಗೊತ್ತಾಗುತ್ತಿತ್ತು. ನಮ್ಮ ಊರಿನ ಹಾಸ್ಟೆಲ್ಲುಗಳ ಕಂಬೈನ್ಡ್ ಸ್ಟಡಿ ಇದೇ ಅಲ್ವಾ! ಟ್ರೈಸ್ಮನ್ ಆಮೇಲೆ ವರ್ಕ್‌ಶಾಪ್ ಶುರುಮಾಡಿದಾಗ ಸುಲಭದ ಲೆಕ್ಕ ಕೊಡಲಿಲ್ಲ. ಕಷ್ಟದ ಲೆಕ್ಕಗಳನ್ನೇ ಕೊಟ್ಟು ಒಟ್ಟಿಗೆ ಕೂರಿಸಿದರು. ಫೇಲಾಗುತ್ತಿದ್ದವರು ಮುಂದೆ ಬಂದರು.

ಕಮ್ಯುನಿಟಿ ಕಾಲೇಜಿನಲ್ಲಿ ಹಾಸ್ಟೆಲ್ ಅನ್ನುವುದೇ ಅಪರೂಪ. ಕ್ಲಾಸು ಮುಗಿದ ಹತ್ತೇ ನಿಮಿಷಕ್ಕೆ ಪಾರ್ಕಿಂಗ್ ಲಾಟ್ ಖಾಲಿ. ಆದ್ದರಿಂದ ಕಂಬೈನ್ಡ್ ಸ್ಟಡಿ ಕ್ಲಾಸಿನ ಒಳಗೇ ನಡೆಯಬೇಕು. ನಾನು ನಾಲ್ಕು ಜನಕ್ಕೆ ಒಂದೇ ಹಾಳೆ ಕೊಡುತ್ತೇನೆ. ನಾಲ್ಕು ಹಾಳೆ ಕೊಟ್ಟರೆ ನಾಲ್ಕು ಜನ ಮೌನವಾಗಿ ಬರೆಯುತ್ತಾರೆ. ಒಂದೇ ಹಾಳೆ, ಒಂದೇ ಪೆನ್ನು ಇದ್ದರೆ ಮಾತಾಡಲೇಬೇಕು. ಪೆನ್ನು ಹಿಡಿಯುವವರು ಲೆಕ್ಕಕ್ಕೊಮ್ಮೆ ಬದಲಾಗಬೇಕು, ಇಲ್ಲದಿದ್ದರೆ ಚುರುಕಾದವರೇ ಎಲ್ಲ ಬರೆದು ಮುಗಿಸುತ್ತಾರೆ. ಕೈ ಎತ್ತದ ಹುಡುಗಿ ಪಕ್ಕದವಳ ಹತ್ತಿರ "ಇದು ಎಲ್ಲಿಂದ ಬಂತು?" ಅಂತ ಮೆಲ್ಲಗೆ ಕೇಳುತ್ತಾಳೆ. ನನಗೆ ಬೇಕಾದದ್ದು ಆ ಪ್ರಶ್ನೆ.

ಪಾಠ ಎಷ್ಟೇ ಚೆನ್ನಾಗಿದ್ದರೂ ಒಂದು ಮಿತಿ ಇದೆ. ಟೆಕ್ಸಸ್‌ನದೇ ಅಮರಿಲೋ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಓದು ಮುಗಿಸಲು ಏನು ಅಡ್ಡಿ ಅಂತ ಕೇಳಿತು. ಮೊದಲ ಹತ್ತು ಕಾರಣಗಳಲ್ಲಿ ಪಾಠಕ್ಕೆ ಸಂಬಂಧಿಸಿದ್ದು ಒಂದೂ ಇರಲಿಲ್ಲ. ಮಗು ನೋಡಿಕೊಳ್ಳುವವರಿಲ್ಲ, ಬಾಡಿಗೆ ಕಟ್ಟಲಾಗುತ್ತಿಲ್ಲ, ಓಡಾಡಲು ಗಾಡಿ ಇಲ್ಲ, ಊಟಕ್ಕೆ ಕಷ್ಟ, ಹೀಗೆ. ಆ ಕಾಲೇಜು ಇವುಗಳನ್ನೇ ತನ್ನ ಕೆಲಸ ಅಂತ ತೆಗೆದುಕೊಂಡು, ಕ್ಯಾಂಪಸ್ಸಿನ ನಡುವೆಯೇ ಸಹಾಯ ಕೇಂದ್ರ ತೆರೆಯಿತು. ದೇಶದ ಅತ್ಯುತ್ತಮ ಕಮ್ಯುನಿಟಿ ಕಾಲೇಜಿಗೆ ಕೊಡುವ ಆಸ್ಪೆನ್ ಪ್ರಶಸ್ತಿ 2023ರಲ್ಲಿ ಅಮರಿಲೋಗೆ ಬಂತು, ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿ ಕಾಲೇಜಿನ ಜೊತೆಗೆ.

ನ್ಯೂಯಾರ್ಕ್ ನಗರದ ಕಾಲೇಜುಗಳು ಇದನ್ನು ಇನ್ನೂ ಗಟ್ಟಿಯಾಗಿ ಮಾಡಿ ತೋರಿಸಿದವು. ಅಲ್ಲಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಎಸಾಪ್ ಅನ್ನುವ ಯೋಜನೆ ಶುರುಮಾಡಿತು. ಸೇರಿದವರು ಫುಲ್‌ಟೈಮ್ ಓದಬೇಕಿತ್ತು. ಫೀಸಿನಲ್ಲಿ ಕೊರತೆ ಬಿದ್ದಷ್ಟನ್ನು ಯೋಜನೆಯೇ ತುಂಬುತ್ತಿತ್ತು, ಪುಸ್ತಕ ಉಚಿತವಾಗಿತ್ತು, ಬಸ್ಸು ಸಬ್‌ವೇಗೆ ತಿಂಗಳ ಮೆಟ್ರೋಕಾರ್ಡ್ ಉಚಿತವಾಗಿ ಸಿಗುತ್ತಿತ್ತು. ಒಂದು ಷರತ್ತಿತ್ತು. ಅಡ್ವೈಸರನ್ನು ಭೇಟಿ ಮಾಡುತ್ತಿದ್ದರೆ ಮಾತ್ರ ಮೆಟ್ರೋಕಾರ್ಡ್. ಒಬ್ಬ ಅಡ್ವೈಸರಿಗೆ ಆಗ ಸುಮಾರು 60ರಿಂದ 80 ವಿದ್ಯಾರ್ಥಿಗಳಿದ್ದರು, ಬೇರೆ ಕಡೆ ಅದು 600 ದಾಟುತ್ತಿತ್ತು. ಲಾಟರಿ ಎತ್ತಿದ ಹಾಗೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಎರಡು ವರ್ಷದ ಡಿಗ್ರಿಯನ್ನು ಮೂರು ವರ್ಷದೊಳಗೆ ಮುಗಿಸಿದವರು ಯೋಜನೆಯಲ್ಲಿ 40%, ಹೊರಗೆ 22%. ಒಬ್ಬ ವಿದ್ಯಾರ್ಥಿಗೆ ಖರ್ಚು ಜಾಸ್ತಿ ಬಿತ್ತು. ಆದರೆ ಒಂದು ಡಿಗ್ರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ಕಡಿಮೆಯೇ. ಇದನ್ನೇ ಓಹಾಯೋದ ಮೂರು ಕಾಲೇಜುಗಳಲ್ಲಿ ಮಾಡಿದಾಗಲೂ ಹೆಚ್ಚು ಕಡಿಮೆ ಇದೇ ಫಲ ಬಂತು.

ಆ ಮೆಟ್ರೋಕಾರ್ಡಿನ ಷರತ್ತು ನೋಡಿ. ಅಡ್ವೈಸರ್ ಹತ್ತಿರ ಹೋಗುವುದು ಸೋತವರ ಕೆಲಸ ಅನ್ನುವ ಭಾವನೆಯೇ ಅಲ್ಲಿ ಇರಲಿಲ್ಲ. ಎಲ್ಲರೂ ಹೋಗುತ್ತಿದ್ದರು, ಕಾರ್ಡ್ ತರಬೇಕಿತ್ತಲ್ಲ. ಹೋದಾಗ ಮಾತು ಬರುತ್ತಿತ್ತು, ಮಾತಿನಲ್ಲಿ ಕಷ್ಟ ಹೊರಗೆ ಬರುತ್ತಿತ್ತು.

ಪುಸ್ತಕದ ವಿಷಯದಲ್ಲಿ ನಮ್ಮ ಕಡೆಯೂ ಹೆಮ್ಮೆಪಡುವ ಕೆಲಸ ಆಗಿದೆ. ಸ್ಟ್ಯಾಟಿಸ್ಟಿಕ್ಸ್ ಪಠ್ಯಪುಸ್ತಕ ಕೆಲವೊಮ್ಮೆ ಕೋರ್ಸಿನ ಫೀಸಿಗಿಂತ ದುಬಾರಿ. ಡಿ ಅಂಜಾ ಕಾಲೇಜಿನ ಇಬ್ಬರು ಅಧ್ಯಾಪಕಿಯರು, ಬಾರ್ಬರಾ ಇಲೋಸ್ಕಿ ಮತ್ತು ಸೂಸನ್ ಡೀನ್, ತಾವು ಬರೆದ ಪುಸ್ತಕವನ್ನು ಎಲ್ಲರಿಗೂ ಉಚಿತವಾಗಿ ಸಿಗುವ ಹಾಗೆ ಮಾಡಿದರು. ಇಂದು ಅದು ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ ಮೂಲಕ ಯಾರ ಫೋನಿನಲ್ಲಿ ಬೇಕಾದರೂ ತೆರೆಯುತ್ತದೆ. ಮೊದಲ ದಿನವೇ ಎಲ್ಲರ ಹತ್ತಿರ ಪುಸ್ತಕ ಇರುವ ಕ್ಲಾಸು ಎಷ್ಟು ಬೇರೆ ಅನ್ನುವುದು ಪಾಠ ಮಾಡುವವರಿಗೆ ಗೊತ್ತು.

ಎಲ್ಲ ಸುಧಾರಣೆಯನ್ನೂ ನಾನು ಕಣ್ಣು ಮುಚ್ಚಿ ಒಪ್ಪುವವಳಲ್ಲ. 2022ರ ಎಬಿ 1705 ಕಾನೂನು ಎಂಜಿನಿಯರಿಂಗ್, ವಿಜ್ಞಾನ ಓದುವವರನ್ನು ಆದಷ್ಟು ನೇರವಾಗಿ ಕ್ಯಾಲ್ಕುಲಸ್ಸಿಗೆ ಕಳಿಸಿ ಅನ್ನುತ್ತದೆ. ಸ್ಟ್ಯಾಟಿಸ್ಟಿಕ್ಸ್‌ಗೆ ಬೇಕಾದ ಹಿಂದಿನ ಗಣಿತ ಸ್ವಲ್ಪವೇ, ಬೇಕಾದಾಗ ಹೇಳಿಕೊಡಬಹುದು. ಕ್ಯಾಲ್ಕುಲಸ್ ಹಾಗಲ್ಲ. ಬೀಜಗಣಿತ, ತ್ರಿಕೋನಮಿತಿ ಚೆನ್ನಾಗಿ ಬರದಿದ್ದರೆ ಪ್ರತಿ ಸಾಲಿನಲ್ಲೂ ಎಡವುತ್ತಾರೆ. ಹಳೆಯ ಉದ್ದದ ದಾರಿ ಬೇಡ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಮೆಟ್ಟಿಲು ತೆಗೆದ ಕಡೆ ಹೆಚ್ಚುವರಿ ಗಂಟೆ, ಸಣ್ಣ ಕ್ಲಾಸು, ಕ್ಲಾಸಿನೊಳಗೇ ಟ್ಯೂಟರ್ ಕೊಡದೆ ಬರೀ ಮೆಟ್ಟಿಲು ತೆಗೆದರೆ, ಹೆಚ್ಚು ಪೆಟ್ಟು ಬೀಳುವುದು ಮತ್ತೆ ಕೈ ಎತ್ತದವರಿಗೇ.

ಕೊಡುವವರು ಯಾರು ಅನ್ನುವ ಪ್ರಶ್ನೆಯೂ ಇದೆ. ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಹೆಚ್ಚಿನವರು ನನ್ನ ಥರ ಪಾರ್ಟ್‌ಟೈಮ್. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಒಬ್ಬ ಪಾರ್ಟ್‌ಟೈಮ್ ಅಧ್ಯಾಪಕಿ ಒಂದು ಡಿಸ್ಟ್ರಿಕ್ಟ್‌ನಲ್ಲಿ (ಒಂದೇ ಆಡಳಿತದ ಕೆಳಗಿರುವ ಕಾಲೇಜು ಅಥವಾ ಕಾಲೇಜುಗಳು) ಫುಲ್‌ಟೈಮ್ ಕೆಲಸದ 67%ಗಿಂತ ಹೆಚ್ಚು ಮಾಡುವಂತಿಲ್ಲ. ಹಾಗಾಗಿ ಬದುಕು ನಡೆಯಬೇಕಾದರೆ ಎರಡು ಮೂರು ಡಿಸ್ಟ್ರಿಕ್ಟ್ ಸುತ್ತಬೇಕು. ಇಲ್ಲಿ ಇಂಥವರಿಗೆ ಫ್ರೀವೇ ಫ್ಲೈಯರ್ ಅಂತಲೇ ಹೆಸರು. ಬೆಳಿಗ್ಗೆ ಒಂದು ಕಾಲೇಜು, ಸಂಜೆ 880 ಹೈವೇಯ ಟ್ರಾಫಿಕ್ಕಿನಲ್ಲಿ ಇನ್ನೊಂದು. ಹೇಗೆ ವಿದ್ಯಾರ್ಥಿಗಳು ಕ್ಲಾಸು ಮುಗಿದ ಕೂಡಲೇ ಕೆಲಸಕ್ಕೆ ಓಡುತ್ತಾರೋ ನಾವೂ ಹಾಗೇ ಓಡುತ್ತೇವೆ.

ಒಡೆಸ್ಸಾದ ಆ ನಾಲ್ಕು ಕೆಲಸಗಳಿಗೆ ಬೇಕಾದ ಹೊತ್ತು ಬಹುಪಾಲು ಪಾಠದ ಗಂಟೆಯ ಆಚೆಗಿನದು. ಹೆಸರು ಕಲಿಯಲು, ಮೆಸೇಜ್ ಬರೆಯಲು, ಒಬ್ಬೊಬ್ಬರ ಹತ್ತಿರ ಕೂತು ಮಾತಾಡಲು ಸಮಯ ಬೇಕು. ನನಗೆ ಸಂಬಳ ಸಿಗುವುದು ಬೋರ್ಡಿನ ಮುಂದೆ ನಿಂತ ಗಂಟೆಗಳಿಗೆ, ಒಂದು ಕಡೆ ಆಫೀಸ್ ಅವರ್ಸ್‌ಗೆ ಸ್ವಲ್ಪ, ಇನ್ನೊಂದು ಕಡೆ ಅದೂ ಇಲ್ಲ. ಮಾಡುವವರು ಹೇಗಾದರೂ ಮಾಡುತ್ತಾರೆ ಅಂತ ಬಿಟ್ಟರೆ, ಮಾಡಲಾಗದವರ ಕ್ಲಾಸಿಗೆ ಬಿದ್ದ ವಿದ್ಯಾರ್ಥಿಗಳಿಗೆ ಏನೂ ಸಿಗುವುದಿಲ್ಲ. ನಮ್ಮ ಯೂನಿಯನ್ ಈ ವರ್ಷದ ಮಾತುಕತೆಯಲ್ಲಿ ಪ್ರತಿ ಕೋರ್ಸಿಗೂ ಸಂಬಳ ಸಹಿತ ವಿದ್ಯಾರ್ಥಿ ಭೇಟಿಯ ಗಂಟೆ ಕೇಳುತ್ತಿದೆ. ಹೊಸ ಸಾಫ್ಟ್‌ವೇರ್, ಹೊಸ ಡ್ಯಾಶ್‌ಬೋರ್ಡ್‌ಗಳಿಗೆ ಮೊದಲು ಆ ಗಂಟೆಗೆ ದುಡ್ಡು ಇಡಿ ಅಂತ ನಾನು ಮೀಟಿಂಗಿನಲ್ಲಿ ಹೇಳಿದ್ದೇನೆ, ಮುಂದಿನ ತಿಂಗಳ ಆಡಳಿತ ಬೋರ್ಡಿನ ಸಭೆಯಲ್ಲೂ ಹೇಳುತ್ತೇನೆ.